ತಾಳ ಕೇಳಿಸದ ಸೆಟ್ಟು

ಮದ್ದೂರಿನ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ. ರೇಡಿಯೊ, ಟೇಪ್ ರೆಕಾರ್ಡರು, ಆಂಪ್ಲಿಫೈಯರು, ಈಗೀಗ ಬ್ಲೂಟೂತ್ ಡಬ್ಬಿಗಳು. ಮೂವತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ. ರಾಜೇಂದ್ರನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿಯಿಂದ ಹಿಡಿದು ಎದುರಿನ ಕಾಫಿ ಅಂಗಡಿಯವನವರೆಗೆ ಎಲ್ಲರೂ ಹೇಳುತ್ತಾರೆ. ಇರಲಿ. ಬಾಗಿಲಲ್ಲಿ ನಿಂತೇ “ಎದೆಗೆ ಗುದ್ದಂಗೆ ಬೇಸು ಬರ್ಬೇಕು” ಎನ್ನುವ ಗಿರಾಕಿಗಳನ್ನು ಇಷ್ಟು ವರ್ಷ ಸಹಿಸಿಕೊಂಡವನಿಗೆ ಅಷ್ಟು ಸಿಟ್ಟಾದರೂ ಬೇಡವೇ? ಆ ಸಿಟ್ಟನ್ನು ಒಬ್ಬ ಗಿರಾಕಿಯ ಮೇಲೆ ಮಾತ್ರ ನಾನು ಯಾವತ್ತೂ ತೋರಿಸಲಿಲ್ಲ. ಅವನು ಚಿಕ್ಕಬೋರಯ್ಯ. ಅವನಿಗೆ ನಾನು ಮಾಡಿದ್ದು ಸಿಟ್ಟು ತೋರಿಸುವುದಕ್ಕಿಂತ ಕೆಟ್ಟ ಕೆಲಸ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಬೋರಯ್ಯ ಚಿಕ್ಕರಸಿನಕೆರೆಯವನು. ನನಗಿಂತ ಆರು ವರ್ಷ ದೊಡ್ಡವನು, ಈಗ ಐವತ್ತೆಂಟು. ನಾನು ಅವನನ್ನು ಬೋರಣ್ಣ ಎನ್ನುತ್ತೇನೆ, ಅವನು ನನ್ನನ್ನು ರಾಜಣ್ಣ ಎನ್ನುತ್ತಾನೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಣ್ಣಂದಿರು. ಮಳವಳ್ಳಿ ರಸ್ತೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಮಿಷನ್ನುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಮೂವತ್ತೊಂದು ವರ್ಷವಾಯಿತು. ಪಕ್ಕದಲ್ಲಿ ನಿಂತವನ ಮಾತೂ ಕೇಳದ ಆ ಗದ್ದಲದೊಳಗೆ ಅವನು ಮೋಟರಿನ ಮೇಲೆ ಅಂಗೈ ಇಟ್ಟು, ತಲೆ ಓರೆ ಮಾಡಿ ಒಂದು ಗಳಿಗೆ ನಿಂತು, “ಎಡಗಡೆ ಬೇರಿಂಗು ವೋಯ್ತಾ ಅದೆ” ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಎಡಗಡೆಯದೇ ಹೋಗಿರುತ್ತಿತ್ತು. ಬೀದಿಯಲ್ಲಿ ಟ್ರ್ಯಾಕ್ಟರು ಬಂದರೆ ಯಾರದೆಂದು ಒಳಗೆ ಕೂತೇ ಹೇಳುತ್ತಿದ್ದ. ಹೊಸ ಮಿಷನ್ನು ಕೊಳ್ಳುವಾಗ ಯಜಮಾನರು ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಓಡಿಸಿ ಕೇಳಿಸುತ್ತಿದ್ದರು. ಬೋರಣ್ಣನ ಕಿವಿ ಎಂದರೆ ಅವನಿಗೂ ಊರಿಗೂ ಅಷ್ಟು ನಂಬಿಕೆ.

ಅವನ ನಡುಮನೆಯಲ್ಲಿ ಬುದ್ಧನ ಪಟದ ಆಚೆಗೊಂದು ಈಚೆಗೊಂದು ಸ್ಪೀಕರ್ ಬಾಕ್ಸು. ಕೆಳಗೆ ಮರದ ಸ್ಟ್ಯಾಂಡಿನ ಮೇಲೆ ನಾನೇ ಕೈಯಾರೆ ಜೋಡಿಸಿಕೊಟ್ಟ ಆಂಪ್ಲಿಫೈಯರು. ಆ ಸೆಟ್ಟು ಒಂದೇ ಸಲಕ್ಕೆ ಬಂದದ್ದಲ್ಲ. ಆಯುಧಪೂಜೆಗೆ ಮಿಲ್ಲಿನಲ್ಲಿ ಬೋನಸ್ಸು ಕೊಡುತ್ತಿದ್ದರು. ಮನೆ ಖರ್ಚು ಕಳೆದು ಅದರಲ್ಲಿ ವರ್ಷಕ್ಕೆ ಒಂದೇ ಒಂದು ಸಾಮಾನು. ಒಂದು ವರ್ಷ ಹಳೇ ಟೇಪ್ ಡೆಕ್ಕು, ಇನ್ನೊಂದು ವರ್ಷ ಪ್ಲೈವುಡ್ಡಿನ ಬಾಕ್ಸು, ಆಮೇಲೆ ದಪ್ಪ ವೈರು, ಆಮೇಲೆ ಪೆನ್‌ಡ್ರೈವ್ ಹಾಕುವ ಬೋರ್ಡು. ವರ್ಷಕ್ಕೆ ಒಂದೇ ಆದದ್ದರಿಂದ ಮುಂದಿನದು ಯಾವುದು ಎಂದು ತೀರ್ಮಾನ ಮಾಡುವುದೇ ನಮ್ಮಿಬ್ಬರ ಹಬ್ಬ. ಪೂಜೆಗೆ ಹದಿನೈದು ದಿನ ಮುಂಚಿನಿಂದಲೇ ಮಿಲ್ಲು ಬಿಟ್ಟ ಮೇಲೆ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದ. ಎರಡು ಕಾಫಿ ಬರುತ್ತಿತ್ತು. ನಾನು ದೊಡ್ಡ ಪಂಡಿತನ ಹಾಗೆ ಬೆರಳು ಮಡಿಚಿ ಹೇಳುತ್ತಿದ್ದೆ: “ನೋಡು ಬೋರಣ್ಣ, ಇದು ಒಂದು ಸಾಲು. ಪೆನ್‌ಡ್ರೈವು, ಬೋರ್ಡು, ಆಂಪ್ಲಿಫೈಯರು, ವೈರು, ಬಾಕ್ಸು. ಈ ಸಾಲಲ್ಲಿ ಯಾವ್ದು ಸೋತದೋ ಅದ್ನ ಮೊದ್ಲು ಬದಲಾಯಿಸ್ಬೇಕು. ಚೆನ್ನಾಗಿರೋದ್ನ ಮುಟ್ಟಬಾರದು.” ಬಾಕ್ಸಿಗೆ ಬರುವ ಹೊತ್ತಿಗೆ ನನ್ನ ಐದು ಬೆರಳೂ ಮುಗಿದು ಹೋಗುತ್ತಿದ್ದವು. ಬಾಕ್ಸಿನ ಆಚೆಗೂ ಆ ಸಾಲು ಇದೆ ಎಂದು ಒಂದು ದಿನವೂ ಎಣಿಸಲಿಲ್ಲ.

ಇಷ್ಟೆಲ್ಲ ಒದ್ದಾಟ ಯಾವ ಹಾಡಿಗಾಗಿ ಎಂದರೆ, ಒಂದು ಹಳೇ ಕ್ಯಾಸೆಟ್ಟಿಗಾಗಿ. ಬೋರಣ್ಣನ ಅಪ್ಪ ತಂಬೂರಿ ಪದ ಹಾಡುತ್ತಿದ್ದವರು. ತಂಬೂರಿ ಮೀಟುತ್ತ ಅವರು ಕತೆ ಹಾಡಿದರೆ ಪಕ್ಕದಲ್ಲಿ ಕೂತು ಕಂಚಿನ ಪುಟ್ಟ ತಾಳ ಹಾಕುತ್ತಿದ್ದವನು ಹನ್ನೆರಡು ವರ್ಷದ ಬೋರಣ್ಣ. ಮಳವಳ್ಳಿಯ ಮೇಷ್ಟ್ರೊಬ್ಬರು ಒಮ್ಮೆ ಟೇಪ್ ರೆಕಾರ್ಡರು ತಂದು ಆ ಹಾಡನ್ನು ಕ್ಯಾಸೆಟ್ಟಿಗೆ ಹಿಡಿದುಕೊಂಡಿದ್ದರು. ಅಪ್ಪ ಹೋದರು, ತಂಬೂರಿಯ ಬುರುಡೆ ಒಡೆಯಿತು, ಕ್ಯಾಸೆಟ್ಟು ಉಳಿಯಿತು. ಅದನ್ನು ನಾನೇ ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದೆ. ಬೋರಣ್ಣ ಅದರಲ್ಲಿ ಅಪ್ಪನ ದನಿಗಿಂತ ಹೆಚ್ಚು ಹುಡುಕುತ್ತಿದ್ದದ್ದು ತಾಳವನ್ನು. “ನಂದೇ ಕೈ ಕಣಣ್ಣ ಅದು” ಎನ್ನುತ್ತಿದ್ದ. ಮಿಲ್ಲಿನ ಗ್ರೀಸು ಹಿಡಿದ ಎರಡು ಬೆರಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದವು.

ನಾಲ್ಕು ವರ್ಷದ ಹಿಂದೆ ಮೊದಲ ಸಲ ಬಂದು ಹೇಳಿದ: “ರಾಜಣ್ಣ, ತಂಬೂರಿ ಕೇಳ್ತದೆ, ತಾಳ ಮಂಕಾಗ್ಬುಟ್ಟದೆ. ಪದವೂ ಅಷ್ಟೇ, ಬಾಯಲ್ಲಿ ಬಟ್ಟೆ ತುರ್ಕೊಂಡು ಆಡ್ದಂಗದೆ.”

ಅದು ಟ್ವೀಟರಿನ ಕೆಲಸ. ಬಾಕ್ಸಿನ ಮೇಲ್ಭಾಗದಲ್ಲಿ ಕೂರುವ ಅಂಗೈಯಗಲದ ಪುಟ್ಟ ಸ್ಪೀಕರು ಅದು. ತಾಳ, ಗೆಜ್ಜೆ, ನಾವು ಮಾತಾಡುವಾಗಿನ ಸಕಾರ, ಇಂಥ ಚೂಪು ದನಿಗಳೆಲ್ಲ ಅದರ ಬಾಯಿಂದಲೇ ಬರಬೇಕು. ಆ ವರ್ಷ ಟ್ವೀಟರ್ ಬದಲಾಯಿಸಿದೆ. ಮುಂದಿನ ವರ್ಷ ಮತ್ತೆ ಅದೇ ದೂರು, ಮತ್ತೆ ಬದಲಾಯಿಸಿದೆ. ಮೂರನೇ ವರ್ಷವೂ ಅದೇ. ಆಗ ಅನುಮಾನ ಬಂದು, ಬಿಚ್ಚಿ ತಂದ ಹಳೆಯ ಟ್ವೀಟರುಗಳನ್ನೆಲ್ಲ ಅಂಗಡಿಯಲ್ಲಿ ಹಾಕಿ ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು. ಅವನದೇ ಕ್ಯಾಸೆಟ್ಟಿನ ತಾಳ ಅವುಗಳಲ್ಲಿ ಎದುರಿಗೆ ಕೂತು ಹೊಡೆದ ಹಾಗೆ ಕೇಳಿತು. ಅವನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ರಾಯರಿನಲ್ಲಿಟ್ಟೆ. ಬೋರಣ್ಣನಿಗೆ ಹೇಳಲಿಲ್ಲ.

ಹೋದ ವರ್ಷ ಮಾಡಿದ್ದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ಅವನ ಮನೆಗೆ ಹೋಗಿ, ಬಾಕ್ಸಿನ ನಾಲ್ಕು ಸ್ಕ್ರೂ ಬಿಚ್ಚಿ, ಅದೇ ಟ್ವೀಟರನ್ನು ಒರೆಸಿ, ಅದೇ ಜಾಗಕ್ಕೆ ಕೂರಿಸಿ, “ಹೊಸಾದು ಆಕಿದೀನಿ, ಕೇಳು” ಎಂದೆ. ಅವನು ಚೂಪು ದನಿ ಹೆಚ್ಚಿಸುವ ಟ್ರೆಬಲ್ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿ, “ಈಗ ವಸಿ ವಾಸಿ ಕಣಣ್ಣ” ಎಂದ. ಹೊಸದರ ದುಡ್ಡು ಕೊಟ್ಟ. ನಾನು ಇಸಿದುಕೊಂಡೆ. ಯಾಕೆ ಹೇಳಲಿಲ್ಲ ಎಂದು ಈಗ ಯಾರಾದರೂ ಕೇಳಿದರೆ ಎರಡು ಉತ್ತರ ಇವೆ. ಕಿವಿಯನ್ನೇ ನಂಬಿ ಬದುಕುವ ಮನುಷ್ಯನಿಗೆ ನಿನ್ನ ಕಿವಿ ಹೋಗಿದೆ ಎನ್ನುವ ಧೈರ್ಯ ಬರಲಿಲ್ಲ, ಇದು ಒಂದು. ಸುಳ್ಳು ಹೇಳುವುದು ಸುಲಭವಿತ್ತು, ಇದು ಇನ್ನೊಂದು. ಎರಡನೆಯದೇ ಹೆಚ್ಚು ನಿಜ.

ಅವತ್ತೇ ಅವರ ಮನೆಯಲ್ಲಿ ಊಟ. ಬೋರಣ್ಣನ ಹೆಂಡತಿ ಮುದ್ದಮ್ಮ ಮುದ್ದೆ, ಬಸ್ಸಾರು ಮಾಡಿದ್ದರು. ಬಡಿಸಿದವನು ಬೋರಣ್ಣ. ಎರಡು ಸೌಟು ಆದ ಮೇಲೆ ನಾನು ತಟ್ಟೆ ನೋಡುತ್ತಲೇ ಸಾಕು ಎಂದೆ. ಇನ್ನೊಂದು ಸೌಟು ಬಿತ್ತು. ಸಾಕು ಸಾಕು ಎಂದೆ. ಇನ್ನೂ ಎರಡು ಸೌಟು ಬಿತ್ತು. ಮುದ್ದೆ ಮುಳುಗಿ, ಸಾರು ತಟ್ಟೆಯ ಅಂಚು ದಾಟಿ ನೆಲಕ್ಕೆ ಹರಿಯಿತು.

“ಏನ್ ಬೋರಣ್ಣ, ಈಜಾಡಕ್ಕಾ?” ಎಂದೆ.

“ನೀನೇ ಆಕು ಆಕು ಅಂದ್ಯಲ್ಲಣ್ಣ” ಎಂದ.

ಉಪಚಾರದ ಕೀಟಲೆ ಎಂದುಕೊಂಡು ಎಲ್ಲರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು.

ನಮ್ಮ ಕಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ. ಹಾಲು ಎಂದರೆ ಆಲು, ಹಗ್ಗ ಎಂದರೆ ಅಗ್ಗ, ಹಾಕು ಎಂದರೆ ಆಕು. ಹುಟ್ಟಿದಾಗಿನಿಂದ ಹಾಗೆ ಕೇಳಿಯೇ ನಮ್ಮ ಕಿವಿ ಬೆಳೆದಿದೆ. ಮುಂದೆ ಆದದ್ದು ತಿಳಿಯಬೇಕಾದರೆ ಇದು ನೆನಪಿರಬೇಕು.

ಈ ವರ್ಷ ಬೋರಣ್ಣ ಬಂದು ಕೂತಾಗ ಟ್ವೀಟರಿನ ಮಾತೇ ಆಡಲಿಲ್ಲ. “ಆಂಪ್ಲಿಫೈಯರ್ನೇ ಬದಲಾಯ್ಸುಮ ಕಣಣ್ಣ. ಅದೇ ಸೋತಿರೋದು” ಎಂದ. ನಾನು ತಲೆಯಾಡಿಸಿದೆ. ಅವನ ಮನೆಯಲ್ಲಿ ಈ ಮಾತಿಗೆ ಜಗಳವಾಯಿತು. ಮುದ್ದಮ್ಮನಿಗೆ ಆ ಸೆಟ್ಟಿನ ದನಿ ಎಂದರೆ ತಲೆನೋವು. ಟ್ರೆಬಲ್ಲನ್ನು ಪೂರ್ತಿ ಇಟ್ಟರೆ ಒಳ್ಳೆಯ ಕಿವಿಯವರಿಗೆ ಅದು ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತದೆ. ಆಕೆ ಅದನ್ನು ನಾಲ್ಕು ವರ್ಷ ಕೇಳಿದ್ದರು. ಮಾರನೇ ದಿನ ಬೆಳಗ್ಗೆ ತಾಳ್ಮೆ ತಪ್ಪಿತು.

“ಆ ಸೆಟ್ಟು ಇರ್ಬೇಕು, ಇಲ್ಲ ನಾನಿರ್ಬೇಕು” ಎಂದರಂತೆ.

“ನೋಡ್ಕೊತೀನಿ ಬುಡು” ಎಂದು ಹೇಳಿ ಬೋರಣ್ಣ ಮಿಲ್ಲಿಗೆ ಹೋದನಂತೆ. ಅದೇ ಬೀದಿಯ ಯಶೋದಮ್ಮ ಮೂರು ಮನೆ ಆಚೆಯ ನಲ್ಲಿಯ ಹತ್ತಿರ ನಿಂತು ಎರಡನ್ನೂ ಕೇಳಿಸಿಕೊಂಡಿದ್ದರು.

ಅದೇ ಸಂಜೆ ಅದು ನಡೆಯಿತು. ಮುದ್ದಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಹಿಮ್ಮಡಿ ನೋವು. ಬೆಳಗಿನ ಜಗಳ ಮರೆಸಲೆಂದೋ ಏನೋ, ಬೋರಣ್ಣ ತಾನೇ ನೀರು ಕಾಯಿಸಿ, ಕಲ್ಲುಪ್ಪು ಹಾಕಿ, ಮನೆಯ ಮುಂದೆ ಬೇಸಿನ್ನಿನಲ್ಲಿ ಆಕೆಯ ಕಾಲು ಇರಿಸಿದ. ನೀರು ಆರಿತೆಂದು ಆಕೆ ಹೇಳಿದ ಮೇಲೆ ಕುದಿಯುವ ಪಾತ್ರೆ ತಂದು, ಬಗ್ಗಿ, ನೀರನ್ನೇ ನೋಡುತ್ತ ಸ್ವಲ್ಪ ಸ್ವಲ್ಪ ಹುಯ್ದ. ಆಕೆ ಸಾಕು ಎಂದರು. ಅವನು ಇನ್ನಷ್ಟು ಹುಯ್ದ. ಸಾಕು ಸಾಕು ಎಂದು ಕೂಗಿದರು. ಆಕೆ ಕಾಲು ಎಳೆದುಕೊಳ್ಳುವಷ್ಟರಲ್ಲಿ ಅವನು ಪಾತ್ರೆಯನ್ನು ಪೂರ್ತಿ ಬಗ್ಗಿಸಿದ.

ಇದು ನನಗೆ ಗೊತ್ತಾದದ್ದು ಮೂರನೇ ದಿನ, ಬೋರಣ್ಣ ಅಂಗಡಿಗೆ ಬಂದಾಗ. ಗಡ್ಡ ಬಂದಿತ್ತು. ಮಿಲ್ಲಿಗೆ ಹೋಗಿರಲಿಲ್ಲ. ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಹೇಳಿದ.

“ಆಕು ಅಂದ್ಲು ಕಣಣ್ಣ, ಉಯ್ದೆ. ಆಕು ಆಕು ಅಂದ್ಲು, ಪೂರ ಉಯ್ದೆ. ಈಗ ಸಾಕು ಅಂದೆ ಅಂತವಳೆ. ನಲ್ಲಿ ತಾವಿದ್ದ ಯಶೋದಮ್ಮನೂ ಅಂಗೇ ಅಂತವ್ಳೆ. ಸಾಕು ಸಾಕು ಅಂತ ಬಡ್ಕೊತಿದ್ರೂ ಬೇಕಂತ್ಲೇ ಉಯ್ದ ಅಂತ ಊರೆಲ್ಲ ಏಳವ್ಳೆ. ನನ್ ಮಗ್ಳು ಅದ್ನೇ ನಂಬವ್ಳೆ.”

ಮಗಳು ಶೋಭಿತಾ ಮಂಡ್ಯದ ಒಂದು ಕಾಲೇಜಿನಲ್ಲಿ ಲೆಕ್ಚರರು. ಕಾಲು ಸುಟ್ಟ ರಾತ್ರಿಯೇ ಬಂದು ತಾಯಿಯನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋಗಿದ್ದಳು. ನೀನು ಈ ಕಡೆ ಬರಬೇಡ ಎಂದು ಅಪ್ಪನಿಗೆ ಹೇಳಿದ್ದಳು.

“ನಾನು ಅಂಥೋನಾ ರಾಜಣ್ಣ? ಮೂವತ್ತು ವರ್ಸ ಒಂದೇಟು ಒಡ್ದಿಲ್ಲ ಅವಳ್ಗೆ” ಎಂದ.

ಆಕು ಆಕು ಎಂದು ಅವನ ಬಾಯಿಂದ ಬಂದ ಕೂಡಲೇ ನನಗೆ ಬಸ್ಸಾರಿನಲ್ಲಿ ಮುಳುಗಿದ ಮುದ್ದೆ ಕಣ್ಣ ಮುಂದೆ ಬಂತು. ಸಾಕು ಎನ್ನುವ ಮಾತಿನಿಂದ ಸಕಾರದ ಚೂಪು ತೆಗೆದರೆ ಉಳಿಯುವುದು ಆಕು. ಬೇರೆ ಸೀಮೆಯವನಾಗಿದ್ದರೆ ಏನೆಂದು ತಿಳಿಯದೆ ಏನು ಅಂದೆ ಎಂದು ಕೇಳುತ್ತಿದ್ದ. ನಮ್ಮವನಿಗೆ ಅದು ದಿನಕ್ಕೆ ನೂರು ಸಲ ಕೇಳುವ ಮಾತು. ಕೇಳಿದ ಹಾಗೆಯೇ ಅವನು ಮಾಡಿದ್ದ. ಹೆಂಡತಿ ಗಟ್ಟಿಯಾಗಿ ಕೂಗಿದಷ್ಟೂ ಬೇಗ ಬೇಗ ಹಾಕಿದ್ದ.

ಇದನ್ನು ಅಲ್ಲೇ, ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ನಿನಗೆ ಹೇಗೆ ಗೊತ್ತು ಎಂದು ಅವನು ಕೇಳಿದರೆ ಡ್ರಾಯರು ತೆಗೆಯಬೇಕಾಗುತ್ತಿತ್ತು. “ಎಲ್ಲ ಸರೋಯ್ತದೆ, ಮನೀಗ್ ಓಗು” ಎಂದು ಬೆನ್ನು ತಟ್ಟಿ ಕಳಿಸಿದೆ. ಆ ತಟ್ಟಿದ ಕೈಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ನಾಲ್ಕು ದಿನ ಕಳೆಯಿತು. ಸಕ್ಕರೆಯ ಕಾಲು ಬೇಗ ಮಾಯುವುದಿಲ್ಲ. ಮುದ್ದಮ್ಮನ ಎಡಗಾಲಿನ ಕಿರುಬೆರಳು ಕಪ್ಪಾಗುತ್ತಿದೆ, ಶೋಭಿತಾ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡುತ್ತಾಳಂತೆ ಎಂದು ಕಾಫಿ ಅಂಗಡಿಯಲ್ಲೇ ನನ್ನ ಕಿವಿಗೆ ಬಿತ್ತು. ಐದನೇ ದಿನ ನನ್ನ ಬಾಗಿಲ ಮುಂದೆ ಗೂಡ್ಸ್ ಆಟೋ ನಿಂತಿತು. ಬೋರಣ್ಣ ಇಳಿದು ಎರಡು ಬಾಕ್ಸು, ಆಂಪ್ಲಿಫೈಯರು, ವೈರಿನ ಸುರುಳಿ ಎಲ್ಲವನ್ನೂ ತಂದು ನನ್ನ ನೆಲದ ಮೇಲೆ ಇಟ್ಟ. ಜೇಬಿನಿಂದ ಪೆನ್‌ಡ್ರೈವು ತೆಗೆದು ಅದರ ಮೇಲೆ ಇಟ್ಟ.

“ಯಾರ್ಗಾದ್ರೂ ಕೊಟ್ಬುಡು. ಇದು ಇರ್ಬೇಕು ಇಲ್ಲ ನಾನಿರ್ಬೇಕು ಅಂದಿದ್ಲು. ಇದೇ ಉಳ್ಕೊಂಡದೆ ಮನೇಲಿ.”

“ಪೆನ್‌ಡ್ರೈವ್ ಯಾಕಣ್ಣ?”

“ಅದ್ರಲ್ಲಿ ನಂಗೇನೂ ಕೇಳ್ತಿಲ್ಲ” ಎಂದ.

ಬಾಕ್ಸಿನ ಮೇಲೆ ನಾನೇ ಒರೆಸಿ ಕೂರಿಸಿದ್ದ ಟ್ವೀಟರು ನನ್ನ ಕಡೆಗೇ ಮುಖ ಮಾಡಿಕೊಂಡಿತ್ತು. ಇನ್ನು ತಡೆಯಲಾಗಲಿಲ್ಲ. ಡ್ರಾಯರಿನಿಂದ ಕವರು ತೆಗೆದುಕೊಂಡೆ, ಶಟರು ಎಳೆದೆ. ಅವನ ಕೈ ಹಿಡಿದು ಮಂಡ್ಯದ ಬಸ್ಸು ಹತ್ತಿಸಿದೆ.

ಶೋಭಿತಾ ಬಾಗಿಲು ತೆಗೆದು ಅಪ್ಪನನ್ನು ಕಂಡು ಮುಖ ಗಂಟಿಕ್ಕಿದಳು. ಬೋರಣ್ಣ ಒಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ರಸ್ತೆಗೆ ಮುಖ ಮಾಡಿ ಕೂತ. ನಾನೊಬ್ಬನೇ ಒಳಗೆ ಹೋದೆ. ಮುದ್ದಮ್ಮ ಮಂಚದ ಮೇಲಿದ್ದರು, ಮೊಣಕಾಲಿನವರೆಗೆ ಪಟ್ಟಿ.

“ಅಂಕಲ್, ಅಪ್ಪನ ಪರ ಮಾತಾಡೋಕೆ ಬಂದಿದ್ರೆ ದಯವಿಟ್ಟು ಬೇಡ” ಎಂದಳು ಶೋಭಿತಾ.

“ಅಪ್ಪನ ಮಾತಲ್ಲ ಕಣಮ್ಮ, ನನ್ನ ಮಾತು” ಎಂದು ಕವರಿನಿಂದ ಟ್ವೀಟರುಗಳನ್ನು ತೆಗೆದು ಟೀಪಾಯಿಯ ಮೇಲೆ ಸಾಲಾಗಿಟ್ಟೆ. ಎಲ್ಲ ಹೇಳಿದೆ. ಮೂರು ವರ್ಷ ಗಟ್ಟಿ ಟ್ವೀಟರು ಬಿಚ್ಚಿದ್ದು, ನಾಲ್ಕನೇ ವರ್ಷ ಬಿಚ್ಚಿದ್ದನ್ನೇ ಕೂರಿಸಿ ದುಡ್ಡು ತೆಗೆದುಕೊಂಡದ್ದು, ಅವನು ವಾಸಿ ಎಂದದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ.

“ನೀವು ಮೋಸ ಮಾಡಿದ್ದಕ್ಕೂ ಅವ್ವನ ಕಾಲಿಗೂ ಏನು ಸಂಬಂಧ ಅಂಕಲ್?”

“ತಾಳ ಎಲ್ಲಿಂದ ಬರುತ್ತೋ ಸಕಾರವೂ ಅಲ್ಲಿಂದಲೇ ಬರೋದು. ನಿಮ್ಮಪ್ಪನಿಗೆ ನಾಲ್ಕು ವರ್ಷದಿಂದ ಎರಡೂ ಕೇಳಿಸ್ತಿಲ್ಲ. ಮೋಟರು ಕೇಳ್ತದೆ, ಗಂಡಸರ ದಪ್ಪ ದನಿ ಕೇಳ್ತದೆ, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ನಿಮ್ಮವ್ವ ಸಾಕು ಅಂದದ್ದು ನಿಜ. ಅವನಿಗೆ ಆಕು ಅಂತ ಕೇಳಿದ್ದೂ ನಿಜ.”

ಶೋಭಿತಾ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ ಬಾಗಿಲಿಗೆ ಹೋಗಿ, ಅಪ್ಪನ ಬೆನ್ನ ಹಿಂದೆ ನಿಂತಳು. ಅವಳು ಮಾಮೂಲಿನ ದನಿಯಲ್ಲಿ ಹೇಳಿದಳು:

“ಅಪ್ಪ, ಸಾಕು.”

ಬೋರಣ್ಣ ತಿರುಗದೆಯೇ ಗಡಬಡಿಸಿ ಎದ್ದ. ಮಗಳು ಏಳು ದಿನದ ಮೇಲೆ ಮಾತಾಡಿಸಿದ್ದಳು, ಒಂದು ಕೆಲಸ ಹೇಳಿದ್ದಳು. ಎದ್ದು ನಿಂತು ಪಂಚೆ ಸರಿ ಮಾಡಿಕೊಳ್ಳುತ್ತ ಕೇಳಿದ:

“ಏನಾಕ್ಬೇಕವ್ವ? ಎಲ್ಲದೆ?”

ಶೋಭಿತಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಪ್ಪನ ಪಂಚೆಯ ಅಂಚು ಹಿಡಿದುಕೊಂಡು ಅತ್ತಳು. ಒಳಗೆ ಮಂಚದ ಮೇಲೆ ಮುದ್ದಮ್ಮನೂ ಅಳುತ್ತಿದ್ದರು. ಆಕೆಗೂ ಕೇಳಿಸಿತ್ತು.

ಬೋರಣ್ಣನಿಗೆ ಎಲ್ಲವನ್ನೂ ಅವನ ಮುಖದೆದುರು ನಿಂತು, ನಿಧಾನವಾಗಿ ಬಿಡಿಸಿ ಹೇಳಿದೆವು. ಅವನ ಮೇಲಿನ ಅಪವಾದ ಹೋಯಿತು, ಹಗುರಾಗುತ್ತಾನೆ ಎಂದು ನಾನು ತಿಳಿದಿದ್ದೆ. ಆದದ್ದು ಬೇರೆ. 'ಅವಳು ಆಕು ಅಂದಳು' ಎನ್ನುವ ಒಂದು ಮಾತನ್ನು ಹಿಡಿದುಕೊಂಡೇ ಅವನು ಆ ಏಳು ದಿನ ನಿಂತಿದ್ದ. ನಾನು ಅದನ್ನೂ ಕಿತ್ತುಕೊಂಡಿದ್ದೆ.

“ಅಂಗಾರೆ ಅವಳು ಸಾಕು ಅಂದಿದ್ದೇ ದಿಟ” ಎಂದ. “ಸಾಕು ಸಾಕು ಅಂತಿದ್ರೂ ಉಯ್ದಿದೀನಿ.”

ಆಮೇಲೆ ಟೀಪಾಯಿಯ ಮೇಲಿನ ಟ್ವೀಟರುಗಳನ್ನು ನೋಡಿ, ಬೆರಳಿನಿಂದ ಎಣಿಸಿ, ನನ್ನ ಕಡೆ ತಿರುಗಿದ. “ಓದ್ ವರ್ಸದ್ದು ಎಲ್ಲಿ?”

“ಬಾಕ್ಸಲ್ಲೇ ಅದೆ ಬೋರಣ್ಣ. ಅದು ಹಳೇದೇ.”

ಬೈಯಲಿ, ಹೊಡೆಯಲಿ ಎಂದು ಕಾದೆ. “ವಸಿ ವಾಸಿ ಅಂದ್ನಲ್ಲ ನಾನು” ಎಂದಷ್ಟೇ ಹೇಳಿ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಂಡ. ಅವನು ಬೈಯದೇ ಇದ್ದದ್ದನ್ನು ನಾನು ಇನ್ನೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಮಾರನೇ ದಿನ ಶೋಭಿತಾ ಅವನನ್ನು ಮಂಡ್ಯದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಕೂರಿಸಿದಳು. ಗಾಜಿನ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ, ದನಿ ಕೇಳಿದಾಗ ಒತ್ತಬೇಕು. ಹೊರಗೆ ಬಂದ ಕಾಗದದಲ್ಲಿ ಗೆರೆ ದಪ್ಪ ದನಿಗಳಿರುವ ಎಡಗಡೆ ಮೇಲಿತ್ತು, ಚೂಪು ದನಿಗಳ ಬಲಗಡೆಗೆ ಹೋಗುತ್ತ ಪೂರ್ತಿ ಕೆಳಗಿಳಿದಿತ್ತು. ಮಿಲ್ಲಿನ ಗದ್ದಲದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಹೋದದ್ದು ವಾಪಸು ಬರುವುದಿಲ್ಲ, ಕಿವಿಗೆ ಮಿಷನ್ನು ಹಾಕಿಕೊಂಡರೆ ಇದ್ದದ್ದರಲ್ಲಿ ಕೇಳಿಸಿಕೊಳ್ಳಬಹುದು ಎಂದರು. ಅಂಥ ಗೆರೆಗಳನ್ನು ನಾನು ಸ್ಪೀಕರಿನ ಡಬ್ಬಿಗಳ ಮೇಲೆ ಸಾವಿರ ಸಲ ನೋಡಿದ್ದೆ. ಮನುಷ್ಯನದು ನೋಡಿದ್ದು ಅದೇ ಮೊದಲು.

ಈ ವರ್ಷದ ಬೋನಸ್ಸು ಕಿವಿ ಮಿಷನ್ನಿಗೆ ಹೋಯಿತು. ಕಡಿಮೆ ಬಿದ್ದದ್ದನ್ನು ನಾನು ಕೊಡಲು ಹೋದೆ, ಶೋಭಿತಾ ಇಸಿದುಕೊಳ್ಳಲಿಲ್ಲ. ನನ್ನನ್ನು ಈಗಲೂ ಅಂಕಲ್ ಎನ್ನುತ್ತಾಳೆ, ಅಷ್ಟೇ. ಮುದ್ದಮ್ಮನ ಕಿರುಬೆರಳು ಉಳಿಯಲಿಲ್ಲ, ತೆಗೆಯಬೇಕಾಯಿತು. ಕಾಲು ಉಳಿಯಿತು. ಮಿಲ್ಲಿನಲ್ಲಿ ಯಜಮಾನರು ಬೋರಣ್ಣನನ್ನು ಮಿಷನ್ನಿನ ಕೆಲಸದಿಂದ ತೆಗೆದು ಗೋಡೌನಿಗೆ ಹಾಕಿದರು. ಬೇರಿಂಗು ನೋಡಲು ಮಾತ್ರ ಈಗಲೂ ಕರೆಯುತ್ತಾರಂತೆ.

ದೀಪಾವಳಿ ಕಳೆದು ಎರಡು ವಾರಕ್ಕೆ ಬೋರಣ್ಣ ಫೋನು ಮಾಡಿದ. ಮುದ್ದಮ್ಮ ಮನೆಗೆ ಬಂದಿದ್ದಾಳೆ, ಸೆಟ್ಟು ತಂದು ಕೂರಿಸು, ಅವಳೇ ತರಿಸು ಅಂದಳು ಎಂದ. ಯಾರಿಗೂ ಮಾರದೆ ಇಟ್ಟುಕೊಂಡಿದ್ದೆ. ಆಟೋದಲ್ಲಿ ಹಾಕಿಕೊಂಡು ಹೋದೆ. ಬುದ್ಧನ ಪಟದ ಆಚೆಗೊಂದು ಈಚೆಗೊಂದು ಬಾಕ್ಸು ಇಟ್ಟು, ವೈರು ಸೇರಿಸಿ, ಟ್ರೆಬಲ್ ತಿರುಪನ್ನು ನಡುವಿಗೆ ತಂದು ನಿಲ್ಲಿಸಿದೆ. ಬೋರಣ್ಣ ಕಿವಿಯ ಹಿಂದಿನ ಮಿಷನ್ನನ್ನು ಸರಿ ಮಾಡಿಕೊಂಡು ಚಾಪೆಯ ಮೇಲೆ ಕೂತ. ಕ್ಯಾಸೆಟ್ಟಿನ ಪದ ಶುರುವಾಯಿತು. ತಂಬೂರಿ ಬಂತು, ಅಪ್ಪನ ದನಿ ಬಂತು, ಆಮೇಲೆ ತಾಳ. ಅವನ ಎರಡು ಬೆರಳು ತೊಡೆಯ ಮೇಲೆ ಅಲುಗಿದವು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅರ್ಧ ನಿಮಿಷ ಕೇಳಿದ. ಕಣ್ಣು ತುಂಬಿತು. ಎದ್ದು ತಾನೇ ಆಫ್ ಮಾಡಿದ.

“ಆಮೇಲ್ ಕೇಳ್ತೀನಿ. ಮೊದ್ಲು ಉಣ್ಣುಮ” ಎಂದ.

ಮುದ್ದಮ್ಮ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದರು. ಆಕೆಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ, ಹಾಗಾಗಿ ಬಡಿಸಿದವನು ಬೋರಣ್ಣನೇ. ನನಗೆ ಬಡಿಸಿ, ಆಕೆಯ ತಟ್ಟೆಗೆ ಬಗ್ಗಿ, ತಟ್ಟೆಯನ್ನೇ ನೋಡುತ್ತ ಒಂದು ಸೌಟು ಬಸ್ಸಾರು ಹಾಕಿದ. ಇನ್ನೊಂದು ಹಾಕಿದ.

“ಸಾಕು” ಎಂದರು ಮುದ್ದಮ್ಮ.

ಸೌಟು ಅಲ್ಲೇ ನಿಂತಿತು. ಬೋರಣ್ಣ ತಲೆ ಎತ್ತಿ ಆಕೆಯ ಮುಖ ನೋಡಿದ.

“ಇನ್ನೊಂದ್ಸಲ ಅನ್ನಮ್ಮಿ.”

“ಸಾಕು.”

“ಅವತ್ತೂ ಇಂಗೇ ಅಂದ್ಯಾ? ಇಷ್ಟು ಚೆನ್ನಾಗಿ ಕೇಳಂಗೆ ಅಂದ್ಯಾ?”

ನಾನು ತಟ್ಟೆಯಿಂದ ಕೈ ತೆಗೆದೆ. ಮೂರು ಮನೆ ಆಚೆಯ ನಲ್ಲಿಯ ಹತ್ತಿರಕ್ಕೂ ಕೇಳಿದ ಕೂಗು ಅದು. ಮುದ್ದಮ್ಮ ಕಿರುಬೆರಳು ಇಲ್ಲದ ತಮ್ಮ ಕಾಲನ್ನು ಸೀರೆಯ ಅಂಚಿನೊಳಕ್ಕೆ ಎಳೆದುಕೊಂಡರು.

“ಇಲ್ಲ ಕಣಯ್ಯ” ಎಂದರು. “ಮೆಲ್ಲುಗ್ ಅಂದಿದ್ದೆ. ಯಾರ್ಗೂ ಕೇಳಂಗಿರ್ಲಿಲ್ಲ, ಬುಡು.”

ಬೋರಣ್ಣ ಕಣ್ಣೊರೆಸಿಕೊಂಡು ಸೌಟನ್ನು ಪಾತ್ರೆಗೆ ಇಳಿಸಿದ. ಆಕೆ ಮುದ್ದೆ ಮುರಿದರು. ನಾನೂ ತಲೆ ತಗ್ಗಿಸಿ ಉಣ್ಣತೊಡಗಿದೆ.